ನಂಜು ಎಲ್ಲಿಂದ ಇಳಿಯಿತು

ಹೋದ ತಿಂಗಳು ಒಂದು ಭಾನುವಾರ ರಾತ್ರಿ ಹತ್ತು ದಾಟಿದ ಮೇಲೆ ಅಣ್ಣನ ಮಗ ಊರಿಂದ ಫೋನ್ ಮಾಡಿದ. ಅಷ್ಟು ಹೊತ್ತಿನಲ್ಲಿ ಊರಿನ ನಂಬರು ಕಂಡರೆ ಎದೆ ಧಸಕ್ಕೆನ್ನುತ್ತದೆ. ಎತ್ತಿದರೆ, "ಅತ್ತೆ, ದವಡೆ ಹಲ್ಲು ನಾಕೂ ಕೀಳಿಸ್ಬುಟ್ರೆ ಬೆನ್ನು ಸರಿಯಾಯ್ತದಂತೆ. ಕೀಳಿಸ್ಬುಡ್ಲಾ?" ಎಂದ. ಅವನಿಗೆ 24 ವರ್ಷ. ಪಾಂಡವಪುರದ ಹತ್ತಿರದ ನಮ್ಮೂರಿಂದ ದಿನಾ ಬೈಕಿನಲ್ಲಿ ಕೆಲಸಕ್ಕೆ ಓಡಾಡುವ ಹುಡುಗ. ಅವನಿಗೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಅಂದರೆ ಬೆನ್ನುಮೂಳೆಯ ಕೀಲುಗಳು ಉರಿದು ಬರಬರುತ್ತ ಬೆಸೆದುಕೊಳ್ಳಬಹುದಾದ ಕಾಯಿಲೆ, ಇದೆ ಎಂದು ಗೊತ್ತಾಗಿ ಒಂದು ವರ್ಷ. ನನಗೂ ಅದೇ ಕಾಯಿಲೆ, ಗೊತ್ತಾಗಿ ಆರು ವರ್ಷ. ಈ ಕಾಯಿಲೆಯ ಬೇರು ಇರುವುದು ಬಾಯಲ್ಲಿ ಎಂದು ಯಾರೋ ಮೊಬೈಲಿನಲ್ಲಿ ಹೇಳಿದ್ದನ್ನು ನಂಬಿಕೊಂಡು ಮೂರು ವಾರದಿಂದ ಮಾತ್ರೆ ಬಿಟ್ಟಿದ್ದಾನೆ. ಬೆಳಿಗ್ಗೆ ಎದ್ದು ಎಳ್ಳೆಣ್ಣೆ ಮುಕ್ಕಳಿಸುತ್ತಾನೆ. ಬೆನ್ನು ಮೊದಲಿಗಿಂತ ಬಿಗಿಯಾಗಿದೆ. "ನಂಜು ಈಚೆಗೆ ಬರ್ತಾ ಅದೆ, ಅದಕ್ಕೇ ಜಾಸ್ತಿಯಾಗೈತೆ" ಎಂದು ಅವನೇ ಸಮಾಧಾನವನ್ನೂ ಹೇಳಿಕೊಂಡ.

ಹಲ್ಲು ಕೀಳಿಸಬೇಡ, ನಾಳೆಯೇ ನಿನ್ನ ಡಾಕ್ಟರಿಗೆ ಫೋನ್ ಮಾಡಿ ಮಾತ್ರೆ ಬಿಟ್ಟಿದ್ದನ್ನು ಹೇಳು, ಶನಿವಾರ ಮೈಸೂರಿಗೆ ಬಾ ಎಂದೆ. ಫೋನಿಟ್ಟ ಮೇಲೆ ನಿದ್ದೆ ಬರಲಿಲ್ಲ. ಅವನು ಕೇಳಿಸಿಕೊಂಡಿದ್ದು ಪೂರ್ತಿ ಸುಳ್ಳಾಗಿದ್ದರೆ ನನ್ನನ್ನು ಇಷ್ಟು ಕಾಡುತ್ತಿರಲಿಲ್ಲ. ಅದರಲ್ಲಿ ಒಂದು ಹಿಡಿ ನಿಜ ಇದೆ. ಆ ಒಂದು ಹಿಡಿಯನ್ನು ಇಷ್ಟು ವರ್ಷದಲ್ಲಿ ಯಾವ ಆಸ್ಪತ್ರೆಯಲ್ಲೂ ಯಾರೂ ನಮ್ಮನ್ನು ಕೂರಿಸಿಕೊಂಡು ಬಿಡಿಸಿ ಹೇಳಲಿಲ್ಲ. ಅವರು ಖಾಲಿ ಬಿಟ್ಟ ಜಾಗಕ್ಕೆ ವಿಡಿಯೊ ಬಂದು ಕೂತಿದೆ.

ಅಪ್ಪನ ಬೆನ್ನು

ನಮ್ಮ ಕಡೆ ಉರಿಯೂತ ಎಂಬ ಮಾತನ್ನು ಯಾರೂ ಆಡುವುದಿಲ್ಲ, ನಂಜು ಅನ್ನುತ್ತಾರೆ. ಗಾಯ ಕೆಂಪಗೆ ಊದಿಕೊಂಡರೆ ನಂಜಾಯಿತು. ಮುಳ್ಳು ಚುಚ್ಚಿದ ಜಾಗ ಕೀವು ತುಂಬಿದರೆ ನಂಜೇರಿತು. ಬಾಣಂತಿಗೆ ಬದನೆಕಾಯಿ ನಂಜು. ವಿಷಕ್ಕೂ ಅದೇ ಹೆಸರು. ವಿಷ ಕುಡಿದ ಶಿವ ನಂಜುಂಡ, ಅವನಿರುವ ಊರು ನಂಜನಗೂಡು. ಆ ಊರಿನ ಹೆಸರು ಹೊತ್ತ ಗುಲಾಬಿ ಬಣ್ಣದ ಹಲ್ಲುಪುಡಿಯನ್ನು ಎಡಗೈಗೆ ಸುರಿದುಕೊಂಡು ತೋರುಬೆರಳಿನಲ್ಲಿ ಉಜ್ಜಿ ಬೆಳೆದವರು ನಾವು. ನಂಜು ಒಂದು ಕಡೆ ಹುಟ್ಟಿ ಇನ್ನೊಂದು ಕಡೆಗೆ ಇಳಿಯುತ್ತದೆ ಎಂಬುದು ನನ್ನಜ್ಜಿಗೆ ಹಗಲಿನಷ್ಟು ಖಚಿತ. ಅಪ್ಪನ ಬೆನ್ನು ನೋಡಿದಾಗಲೆಲ್ಲ ಹೇಳುತ್ತಿದ್ದಳು: "ನಿಮ್ಮಪ್ಪಂಗೆ ಹಲ್ಲಿನ ನಂಜೆಲ್ಲ ಬೆನ್ನಿಗಿಳಿದದೆ ಕಣವ್ವ."

ಅಪ್ಪ ಕೋಳಿ ಕೂಗುವ ಮುಂಚೆ ಏಳುತ್ತಿದ್ದ. ಏಳುವುದೇ ಒಂದು ಕೆಲಸ. ಮೊದಲು ಮಗ್ಗುಲಾಗಬೇಕು, ಮೊಣಕೈ ಊರಬೇಕು, ಮಂಡಿಯನ್ನು ಚಾಪೆಯ ಮೇಲೆ ಎಳೆದುಕೊಳ್ಳಬೇಕು, ಆಮೇಲೆ ಕಂಬ ಹಿಡಿದು ಒಂದೊಂದೇ ಗೇಣು ಮೇಲಕ್ಕೇಳಬೇಕು. ಕತ್ತಲಲ್ಲಿ ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯುವ ಸದ್ದು ನನ್ನ ಬಾಲ್ಯದ ಬೆಳಗುಗಳ ಸದ್ದು. "ಬೆನ್ನು ಬುಡ್ಬೇಕು ಕಣವ್ವ" ಎನ್ನುತ್ತಿದ್ದ, ತುಕ್ಕು ಹಿಡಿದ ಬೀಗದ ಬಗ್ಗೆ ಹೇಳಿದ ಹಾಗೆ. ಗದ್ದೆಗೆ ಹೋಗಿ ನೀರು ತಿರುಗಿಸಿ ಬದುವಿನ ಮೇಲೆ ನಾಲ್ಕು ಸಲ ಅಡ್ಡಾಡಿ ಬಿಸಿಲು ಏರುವ ಹೊತ್ತಿಗೆ ಬೆನ್ನು ಬಿಡುತ್ತಿತ್ತು. ಮಧ್ಯಾಹ್ನ ಉಂಡು ಒಂದು ಗಳಿಗೆ ಅಡ್ಡಾದರೆ ಮತ್ತೆ ಹಿಡಿಯುತ್ತಿತ್ತು. ದುಡಿದರೆ ಹಗುರ, ಮಲಗಿದರೆ ಭಾರ. ಡಿಸ್ಕ್ ನೋವಿನಿಂದ ಈ ನೋವನ್ನು ಬೇರೆ ಮಾಡುವ ಮುಖ್ಯ ಗುರುತು ಅದೇ, ಮತ್ತು ಅಪ್ಪ ಅದನ್ನು ದಿನಾ ಬಾಯಿಬಿಟ್ಟು ಹೇಳುತ್ತಿದ್ದ. ಕಬ್ಬಿನ ಹೊರೆ ಹೊತ್ತು ಹೊತ್ತು ಗೂನಾದ ಎಂದು ಊರು ತೀರ್ಮಾನಿಸಿತು. ನನ್ನ ಮದುವೆಯ ಗ್ರೂಪ್ ಫೋಟೊದಲ್ಲಿ ಅಪ್ಪನ ಗದ್ದ ಎದೆಗೆ ಬಂದಿದೆ, ಕಣ್ಣಗುಡ್ಡೆಗಳು ಮಾತ್ರ ಹುಬ್ಬಿನಡಿಯಿಂದ ಮೇಲೆ ನೋಡುತ್ತಿವೆ. "ಯಜಮಾನ್ರೇ, ತಲೆ ಎತ್ತಿ" ಎಂದು ಫೋಟೊ ತೆಗೆಯುವವನು ಮೂರು ಸಲ ಕೂಗಿದ. ಎತ್ತಲು ಆಗುವುದಿಲ್ಲ ಎಂದು ಅಪ್ಪ ಹೇಳಲಿಲ್ಲ, ನಾವೂ ಹೇಳಲಿಲ್ಲ.

ಹಲ್ಲಿನ ವಿಷಯ. ಐವತ್ತಾಗುವ ಮೊದಲೇ ಅವನ ಹಲ್ಲುಗಳು ಒಂದೊಂದಾಗಿ ಅಲುಗಾಡಲು ಶುರುವಾದವು. ಎಲೆ ಅಡಿಕೆ, ಹೊಗೆಸೊಪ್ಪು ಬಾಯಲ್ಲಿ ಇಲ್ಲದ ಹೊತ್ತಿರಲಿಲ್ಲ. ಒಂದು ಸಂಜೆ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು ಕೆಳಗಿನ ಮುಂದಿನ ಹಲ್ಲೊಂದನ್ನು ಎರಡು ಬೆರಳಲ್ಲಿ ಹಿಡಿದು, ಗೂಟ ಅಲ್ಲಾಡಿಸುವಂತೆ ಹಿಂದೆ ಮುಂದೆ ಆಡಿಸಿ, ಕಿತ್ತೇಬಿಟ್ಟ. ರಕ್ತ ಕೂಡ ಹೆಚ್ಚು ಬರಲಿಲ್ಲ. ಅಂಗೈಯಲ್ಲಿಟ್ಟುಕೊಂಡು ನನಗೆ ತೋರಿಸಿದ. ಹುಳುಕಿಲ್ಲ, ತೂತಿಲ್ಲ. ಬೇರಿನ ಸುತ್ತ ಮಾತ್ರ ಕಪ್ಪು ಹಸಿರು ಕರೆ, ಹಳೆ ಕೊಳಾಯಿಯ ಒಳಗೆ ಕಟ್ಟಿಕೊಂಡಿರುತ್ತದಲ್ಲ, ಹಾಗೆ ಗಟ್ಟಿಯಾಗಿ ಮೆತ್ತಿಕೊಂಡಿತ್ತು. "ಹಲ್ಲು ಚೆನ್ನಾಗೇ ಅದೆ ನೋಡವ್ವ. ಹಿಡ್ಕಳಾಕೆ ಒಸಡೇ ಇಲ್ಲ" ಎಂದ. ಆಮೇಲೆ ಹಾಲುಹಲ್ಲು ಬಿದ್ದ ಮಕ್ಕಳು ಮಾಡುವಂತೆ ಅದನ್ನು ಸಗಣಿ ಉಂಡೆಯೊಳಗೆ ಒತ್ತಿ ಹೆಂಚಿನ ಮೇಲೆ ಎಸೆದ. ಎಸೆಯಲು ತಲೆ ಎತ್ತಬೇಕಿತ್ತು. ಇಡೀ ಮೈಯನ್ನೇ ಹಿಂದಕ್ಕೆ ಬಾಗಿಸಿ ಎಸೆದ.

ಬಗ್ಗಲಾಗದ ಬೇಸಿನ್

ನನ್ನದು ಮಗ ಹುಟ್ಟಿದ ಮೇಲೆ ಶುರುವಾಯಿತು. ಸಿಸೇರಿಯನ್ ಆಗಿತ್ತಲ್ಲ, ಬೆನ್ನಿಗೆ ಕೊಟ್ಟ ಇಂಜೆಕ್ಷನ್ನೇ ಕಾರಣ ಎಂದು ಎಲ್ಲರೂ ಹೇಳಿದರು, ನಾನೂ ನಂಬಿದೆ. ಎಂಟು ವರ್ಷ ನಂಬಿದೆ. ಸೊಂಟಕ್ಕೆ ಬೆಲ್ಟ್ ಹಾಕಿಸಿದರು, ಹಲಗೆಯ ಮೇಲೆ ಮಲಗಿಸಿದರು, ವಿಶ್ರಾಂತಿ ತಗೊಳ್ಳಿ ಅಂದರು. ಈ ಕಾಯಿಲೆಯವರಿಗೆ ಸಾಮಾನ್ಯವಾಗಿ ವಿಶ್ರಾಂತಿಯಿಂದ ಬಿಗಿತ ಹೆಚ್ಚುತ್ತದೆ. ಇದು ಹುಡುಗರ ಕಾಯಿಲೆ, ಹತ್ತು ಗಂಡಸರಿಗೆ ಒಬ್ಬ ಹೆಂಗಸು ಎಂದು ಹಿಂದೆಲ್ಲ ಓದಿಸುತ್ತಿದ್ದರು. ಎಕ್ಸ್‌ರೇಯಲ್ಲಿ ಇನ್ನೂ ಕಾಣದ ಹಂತವನ್ನೂ ಎಂಆರ್‌ಐ ಮಾಡಿ ಲೆಕ್ಕಕ್ಕೆ ತೆಗೆದುಕೊಂಡರೆ ಗಂಡಸರೂ ಹೆಂಗಸರೂ ಹೆಚ್ಚುಕಮ್ಮಿ ಸಮ ಎಂದು ಈಗ ಗೊತ್ತಾಗಿದೆ. ನಡುವಿನ ಆ ವರ್ಷಗಳಲ್ಲಿ ಬೆಲ್ಟ್ ಕಟ್ಟಿಕೊಂಡು ಅಡುಗೆಮನೆಯಲ್ಲಿ ನಿಂತ ಹೆಂಗಸರನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಬೆಳಗಿನ ಜಾವ ಮೂರೂವರೆಗೆ ಎಚ್ಚರವಾಗುತ್ತಿತ್ತು. ಸೊಂಟದ ಹಿಂದೆ, ಬೆನ್ನುಮೂಳೆ ಬಂದು ಕೂಡುವ ಕೀಲಿನಲ್ಲಿ, ಒಂದು ದಿನ ಎಡಕ್ಕೆ ಒಂದು ದಿನ ಬಲಕ್ಕೆ ನೋವು. ಎದ್ದು ಹಲ್ಲುಜ್ಜಲು ಹೋದರೆ ಬೇಸಿನ್ನಿಗೆ ಬಗ್ಗಲಾಗುವುದಿಲ್ಲ. ಇದನ್ನು ಅನುಭವಿಸದವರಿಗೆ ಹೇಳಿ ಅರ್ಥ ಮಾಡಿಸುವುದು ಕಷ್ಟ. ಬಾಯಿ ಮುಕ್ಕಳಿಸಿ ಉಗುಳಬೇಕಾದರೆ ಬೆನ್ನು ಬಾಗಬೇಕು. ನಾನು ನೆಟ್ಟಗೆ ನಿಂತು ಗದ್ದದ ಕೆಳಗೆ ಮಗ್ಗು ಹಿಡಿದುಕೊಂಡು ಅದರೊಳಗೆ ಉಗಿಯುತ್ತಿದ್ದೆ. ಕೈ ಹೆಗಲ ಮೇಲಕ್ಕೆ ಏಳುತ್ತಿರಲಿಲ್ಲ, ಕತ್ತು ತಿರುಗುತ್ತಿರಲಿಲ್ಲ, ಹಿಂದಿನ ದವಡೆಗೆ ಬ್ರಶ್ಶು ಮುಟ್ಟುತ್ತಿರಲಿಲ್ಲ. ಅರ್ಧ ನಿಮಿಷದಲ್ಲಿ ಮುಗಿಸುತ್ತಿದ್ದೆ. ಮಗ್ಗಿನೊಳಗೆ ನೊರೆಯ ಜೊತೆ ಕೆಂಪು ಎಳೆ ಇರುತ್ತಿತ್ತು. ಬಸುರಿಯಲ್ಲಿ ಒಸಡಿನಿಂದ ರಕ್ತ ಬರುತ್ತದೆ, ಹೆತ್ತ ಮೇಲೆ ಹೋಗುತ್ತದೆ ಎಂದಿದ್ದರು. ಮಗ ಎರಡನೇ ಕ್ಲಾಸಿಗೆ ಬಂದಿದ್ದ. ಕೆಂಪು ಹೋಗಿರಲಿಲ್ಲ.

ಕೊನೆಗೆ ಕಾಯಿಲೆಯ ಹೆಸರು ಹೇಳಿದ್ದು ಕಣ್ಣು. ಒಂದು ಕಣ್ಣು ಕೆಂಡದಂತಾಗಿ, ಬೆಳಕು ನೋಡಲಾಗದೆ ಕಣ್ಣಿನ ಡಾಕ್ಟರ ಹತ್ತಿರ ಹೋದಾಗ ಅವರು ದೀಪದಲ್ಲಿ ನೋಡಿ ಕಣ್ಣೊಳಗೆ ಉರಿಯೂತ, ಯುವಿಯೈಟಿಸ್ ಎಂದರು. ಎಂದವರೇ ಕುರ್ಚಿ ಹಿಂದಕ್ಕೆ ಸರಿಸಿ ಕೇಳಿದರು: "ಬೆನ್ನು ನೋವಿದೆಯಾ ಅಮ್ಮ? ಬೆಳಿಗ್ಗೆ ಜಾಸ್ತಿನಾ?" ಎಂಟು ವರ್ಷಕ್ಕೆ ಮೊದಲ ಸಲ ಆ ಪ್ರಶ್ನೆ ಬಂದಿದ್ದು ಬೆನ್ನಿಗೆ ಸಂಬಂಧವೇ ಇಲ್ಲದ ಕೋಣೆಯಲ್ಲಿ. ರಕ್ತ ಪರೀಕ್ಷೆಯಲ್ಲಿ ಈ ಕಾಯಿಲೆಯ ಜೊತೆ ನಂಟಿರುವ ಎಚ್‌ಎಲ್‌ಎ ಬಿ27 ಎಂಬ ಜೀನು ಇತ್ತು, ಎಂಆರ್‌ಐಯಲ್ಲಿ ಸೊಂಟದ ಕೀಲು ಎರಡೂ ಕಡೆ ಬೆಳ್ಳಗೆ ಹೊಳೆಯುತ್ತಿತ್ತು. ಅವತ್ತು ಮನೆಗೆ ಬಂದು ಅಪ್ಪನ ಆ ಫೋಟೊ ಹುಡುಕಿ ತೆಗೆದೆ. ಅಪ್ಪ ಹೋಗಿ ಆಗಲೇ ನಾಲ್ಕು ವರ್ಷವಾಗಿತ್ತು.

ನೂರಾ ಅರವತ್ತೆರಡು ಅಂಕಿಗಳು

ಮಾತ್ರೆ ಸಾಲದೆ ಅಡಾಲಿಮುಮಾಬ್ ಇಂಜೆಕ್ಷನ್ ಶುರು ಮಾಡಬೇಕಾಯಿತು. ಅದು ದೇಹದ ರಕ್ಷಣೆಯನ್ನು ಕೊಂಚ ತಗ್ಗಿಸುವ ಔಷಧಿ, ಆದ್ದರಿಂದ ಒಳಗೆಲ್ಲೂ ಕ್ಷಯ ಅಡಗಿಲ್ಲ, ಸೋಂಕಿಲ್ಲ ಎಂದು ಮೊದಲು ಖಚಿತ ಮಾಡಿಕೊಳ್ಳುತ್ತಾರೆ. "ಹಲ್ಲನ್ನೂ ಒಮ್ಮೆ ತೋರಿಸಿಕೊಂಡು ಬನ್ನಿ" ಎಂದು ಚೀಟಿಯ ಕೊನೆಯಲ್ಲಿ ಒಂದು ಸಾಲು ಬರೆದರು. ಮೈಸೂರಿನ ಒಂದು ದಂತ ಕಾಲೇಜಿಗೆ ಹೋದೆ. ಕುರ್ಚಿ ಹಿಂದಕ್ಕೆ ಮಲಗಿಸಿದಾಗ ಕತ್ತು ಗಾಳಿಯಲ್ಲಿ ನಿಂತಿತು, ದಿಂಬಿಗೆ ತಾಗಲೇ ಇಲ್ಲ. ಎಂಡಿಎಸ್ ಓದುತ್ತಿದ್ದ ಹುಡುಗಿ ಏನೂ ಕೇಳದೆ ಟವೆಲ್ ಸುತ್ತಿ ಕತ್ತಿನಡಿ ಇಟ್ಟಳು. ಆ ಟವೆಲನ್ನು ನಾನು ಮರೆತಿಲ್ಲ.

ಆಮೇಲೆ ಗೆರೆ ಹಾಕಿದ ಸಣ್ಣ ಕಡ್ಡಿಯಂಥ ಸಲಾಕೆಯನ್ನು ಹಲ್ಲಿಗೂ ಒಸಡಿಗೂ ನಡುವೆ ಇಳಿಸಿ ಆಳ ಅಳೆಯತೊಡಗಿದಳು. ಒಂದು ಹಲ್ಲಿಗೆ ಆರು ಕಡೆ. ನನಗಿದ್ದದ್ದು 27 ಹಲ್ಲು, ಅಂದರೆ 162 ಅಂಕಿ. ಪಕ್ಕದಲ್ಲಿ ಇನ್ನೊಬ್ಬಳು ಬರೆದುಕೊಳ್ಳುತ್ತಿದ್ದಳು. ಮೂರು, ಎರಡು, ಮೂರು. ಮೂರು, ಮೂರು, ನಾಲ್ಕು. ಒಸಡು ಸರಿಯಿದ್ದರೆ ಆಳ ಒಂದರಿಂದ ಮೂರು ಮಿಲಿಮೀಟರ್ ಅಷ್ಟೇ ಇರುತ್ತದೆ ಎಂದು ಮೊದಲೇ ಹೇಳಿದ್ದಳು, ಹಾಗಾಗಿ ಪ್ರತಿ ಅಂಕಿಯೂ ನನಗೆ ತಿಳಿಯುತ್ತಿತ್ತು. ಹಿಂದಿನ ದವಡೆಗೆ ಹೋದಾಗ ಸ್ವರ ನಿಧಾನವಾಯಿತು. ಐದು. ಐದು. ಆರು. "ಬ್ಲೀಡಿಂಗ್ ಹಾಕ್ಕೋ." ಏಳು. ಬ್ರಶ್ಶು ಮುಟ್ಟದ ಜಾಗಗಳನ್ನು ಅವಳು ಅಂಕಿಯಲ್ಲಿ ಓದುತ್ತಿದ್ದಳು. ನನ್ನ ಕಣ್ಣ ಮುಂದೆ ಅಪ್ಪನ ಅಂಗೈ, ಬೇರಿಗೆ ಮೆತ್ತಿದ ಕಪ್ಪು ಕರೆ.

ಮುಗಿದ ಮೇಲೆ ಅವಳು ಒಂದು ಮಾತು ಹೇಳಿದಳು. ಆಳಗಳ ಒಳಗೋಡೆಯೆಲ್ಲ ಹುಣ್ಣಾಗಿರುತ್ತದೆ, ಆದರೆ ಹೊರಗಿನಿಂದ ಕಾಣುವುದಿಲ್ಲ. ಅದನ್ನೆಲ್ಲ ಬಿಡಿಸಿ ಒಂದು ಕಡೆ ಹಾಸಿದರೆ ಎಷ್ಟು ದೊಡ್ಡ ಗಾಯ ಗೊತ್ತಾ ಮೇಡಂ ಎಂದು. ಬಾಯಿತುಂಬ ಒಸಡಿನ ಕಾಯಿಲೆ ಇದ್ದವರಲ್ಲಿ ಆ ಗಾಯ 8ರಿಂದ 20 ಚದರ ಸೆಂಟಿಮೀಟರ್ ಆಗಬಹುದು ಎಂಬ ಲೆಕ್ಕವನ್ನು ಆಮೇಲೆ ಓದಿದೆ. ಬೆಂಕಿಪೊಟ್ಟಣದ ಅಗಲ ಮುಖದಷ್ಟು. ಮೊಣಕೈ ಮೇಲೆ ಅಷ್ಟಗಲದ ಗಾಯ ವರ್ಷಗಟ್ಟಲೆ ಒಸರುತ್ತಿದ್ದರೆ ಮನೆಯವರು ಸುಮ್ಮನಿರುತ್ತಿದ್ದರೇ? ಬಾಯೊಳಗಿದ್ದುದರಿಂದ ಎಲ್ಲರೂ ಸುಮ್ಮನಿದ್ದೆವು. ಅಂಥ ಒಸಡಿರುವವರು ಹಲ್ಲುಜ್ಜಿದಾಗ, ಗಟ್ಟಿ ಪದಾರ್ಥ ಅಗಿದಾಗ ಆ ಗಾಯದಿಂದ ಬ್ಯಾಕ್ಟೀರಿಯಾ ಸ್ವಲ್ಪ ಹೊತ್ತು ರಕ್ತಕ್ಕೆ ಸೇರುತ್ತವೆ. ಮಿಕ್ಕವು ಎಂಜಲಿನ ಜೊತೆ ಹೊಟ್ಟೆಗೆ ಹೋಗುತ್ತವೆ. ದಿನಕ್ಕೆ ಹತ್ತಿರ ಹತ್ತಿರ ಒಂದು ಲೀಟರ್ ಎಂಜಲು ನುಂಗುತ್ತೇವೆ.

ಎರಡು ಸಲ ಹೋಗಿ, ಮರಗಟ್ಟಿಸಿಕೊಂಡು, ಒಸಡಿನ ಕೆಳಗಿನ ಕರೆಯನ್ನೆಲ್ಲ ತೆಗೆಸಿದೆ. ಮೂರು ವಾರದ ನಂತರ ಇಂಜೆಕ್ಷನ್ ಶುರುವಾಯಿತು. ಮೈಯಲ್ಲಿ ಉರಿಯೂತ ಎಷ್ಟಿದೆ ಎಂದು ರಕ್ತದಲ್ಲಿ ತೋರಿಸುವ ಸಿಆರ್‌ಪಿ ಎಂಬ ಅಂಕಿ ಮೂರು ತಿಂಗಳಿಗೆ 28ರಿಂದ 6ಕ್ಕೆ ಇಳಿಯಿತು. ಬೇಸಿನ್ನಿಗೆ ಬಗ್ಗಿ ಮುಖ ತೊಳೆದ ದಿನ ಅಲ್ಲೇ ನಿಂತು ಅತ್ತೆ. ಯಾವುದರಿಂದ ಇಳಿಯಿತು ಎಂದು ಕೇಳಿದರೆ, ಇಂಜೆಕ್ಷನ್‌ನಿಂದ ಎಂದೇ ಹೇಳುತ್ತೇನೆ; ಅದರ ಬಲ ಅಷ್ಟಿದೆ. ಒಸಡಿನ ಪಾಲು ಅದರಲ್ಲಿ ಎಷ್ಟು ಎಂದು ನನ್ನೊಬ್ಬಳ ಮೈಯಿಂದ ಬೇರ್ಪಡಿಸಿ ತೆಗೆಯಲು ಸಾಧ್ಯವಿಲ್ಲ. ಅಣ್ಣನ ಮಗ ಕೇಳಿಸಿಕೊಂಡ ವಿಡಿಯೊದಂಥವು ಹುಟ್ಟುವುದು ಇಂಥ ಮೂರು ವಾರಗಳ ಅಂತರದಲ್ಲೇ.

ಇಲಿ ಮತ್ತು ಇಕ್ಕಳ

ಹಾಗಾದರೆ ಆ ಒಂದು ಹಿಡಿ ನಿಜ ಯಾವುದು? ಬಿ27ಕ್ಕೂ ಈ ಕಾಯಿಲೆಗೂ ಇರುವ ನಂಟು 1973ರಲ್ಲಿ ಗೊತ್ತಾಯಿತು, ಲಂಡನ್ನಿನಲ್ಲೂ ಲಾಸ್ ಏಂಜಲೀಸಿನಲ್ಲೂ ಹೆಚ್ಚುಕಮ್ಮಿ ಒಟ್ಟಿಗೆ. ಆದರೆ ಬಿ27 ಇರುವ ಬಹುಪಾಲು ಜನ ಆರಾಮಾಗಿ ಬಾಳಿ ಹೋಗುತ್ತಾರೆ. ನನ್ನ ಅಣ್ಣನಿಗೂ ಅದಿದೆ, ಅವನ ಬೆನ್ನು ತೆಂಗಿನ ಮರದ ಹಾಗಿದೆ, ಮಗನದು ಹಿಡಿದಿದೆ. ಉಳಿದದ್ದನ್ನು ಯಾರು ಹೊತ್ತಿಸುತ್ತಾರೆ ಎಂಬುದಕ್ಕೆ ನನಗೆ ಮರೆಯಲಾಗದ ಉತ್ತರ ಸಿಕ್ಕಿದ್ದು ಇಲಿಗಳ ಕಥೆಯಲ್ಲಿ. ಮನುಷ್ಯರ ಬಿ27 ಜೀನನ್ನು ಇಲಿಗಳಿಗೆ ಸೇರಿಸಿದರೆ ಅವಕ್ಕೂ ಕರುಳು, ಕೀಲು ಉರಿಯುತ್ತವೆ. 1994ರಲ್ಲಿ ಅಂಥವೇ ಇಲಿಗಳನ್ನು ಒಂದೇ ಒಂದು ಸೂಕ್ಷ್ಮಾಣು ಇಲ್ಲದ ಗೂಡಿನಲ್ಲಿ ಸಾಕಿ ನೋಡಿದರು. ಅದೇ ಜೀನು, ಆದರೆ ಕರುಳೂ ಉರಿಯಲಿಲ್ಲ, ಕೀಲೂ ಉರಿಯಲಿಲ್ಲ. ಬೀಜ ಇದ್ದರೂ ಮಣ್ಣು ಬೇಕು. ಆ ಮಣ್ಣು ಇಲಿಗಳಲ್ಲಿ ಮುಖ್ಯವಾಗಿ ಕರುಳಿನದು. ಈ ಬೆನ್ನಿನ ಕಾಯಿಲೆಯವರಲ್ಲಿ ಅರ್ಧದಷ್ಟು ಜನರ ಕರುಳಿನಲ್ಲಿ, ಹೊಟ್ಟೆಯಲ್ಲಿ ಏನೂ ತೊಂದರೆ ಇಲ್ಲದಿದ್ದರೂ, ಸೂಕ್ಷ್ಮದರ್ಶಕಕ್ಕೆ ಕಾಣುವ ಉರಿಯೂತ ಇರುತ್ತದೆ. ಕರುಳಿನ ಹೆಬ್ಬಾಗಿಲು ಬಾಯಿ. ಅಜ್ಜಿಯ ಮಾತು ಆ ಬಾಗಿಲಲ್ಲಿ ನಿಂತಿದೆ.

ಈ ಬೆನ್ನಿನವರಲ್ಲಿ ಒಸಡಿನ ಕಾಯಿಲೆ ಉಳಿದವರಿಗಿಂತ ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ ಕಂಡಿದೆ. ಎರಡೂ ಕಡೆ ಉರಿ ಹಚ್ಚುವ ಸಂದೇಶವಾಹಕಗಳೂ ಅವೇ: ಟಿಎನ್‌ಎಫ್, ಐಎಲ್ 17. ನಮ್ಮ ಇಂಜೆಕ್ಷನ್‌ಗಳು ಹಿಡಿದು ಕಟ್ಟಿಹಾಕುವುದು ಇವನ್ನೇ. ಒಂದು ಸಂಗತಿ ನನ್ನನ್ನು ಬೆರಗಾಗಿಸಿತು. ಆಹಾರ ಅಗಿಯುವಾಗಿನ ತಿಕ್ಕಾಟವೇ ಒಸಡಿನಲ್ಲಿ ಐಎಲ್ 17 ಉಂಟುಮಾಡುವ ಕೋಶಗಳನ್ನು ಕರೆಸುತ್ತದೆ ಎಂದು 2017ರಲ್ಲಿ ಸುಂಡಿಲಿಗಳಲ್ಲಿ ತೋರಿಸಿದರು. ಬೆನ್ನಿನಲ್ಲಿಯೂ ಉರಿ ಶುರುವಾಗುವುದು ನಾರು ಬಂದು ಮೂಳೆಗೆ ಕಚ್ಚಿಕೊಳ್ಳುವ, ದಿನವಿಡೀ ಜಗ್ಗಾಟಕ್ಕೆ ಸಿಕ್ಕುವ ಜಾಗದಲ್ಲಿ. ದುಡಿಯುವ ಎರಡು ಅಂಚುಗಳು. ಇದು ನಾನು ಮಾಡಿಕೊಂಡ ಹೋಲಿಕೆ, ಸಾಬೀತಲ್ಲ. ಆದರೂ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತುವಾಗ, ಬೆನ್ನು ಒಂದೊಂದೇ ಗಂಟು ಬಿಡುವಾಗ, ತಲೆಯಲ್ಲಿ ಇದೇ ತಿರುಗುತ್ತಿರುತ್ತದೆ.

ಜೊತೆಗಿವೆ ಎಂದ ಮಾತ್ರಕ್ಕೆ ಒಂದು ಇನ್ನೊಂದನ್ನು ಹುಟ್ಟಿಸಿತು ಎಂದಾಗುವುದಿಲ್ಲ. ಸಿಗರೇಟು ಒಸಡನ್ನೂ ಕೆಡಿಸುತ್ತದೆ, ಈ ಕಾಯಿಲೆಯ ಬೆನ್ನುಮೂಳೆ ಬೆಸೆದುಕೊಳ್ಳುವುದನ್ನೂ ಬೇಗ ಮಾಡುತ್ತದೆ. ಹಿಡಿದ ಕತ್ತು, ಏಳದ ಕೈ, ಗದ್ದದಡಿಯ ಮಗ್ಗು ಒಸಡನ್ನು ಕೆಡಿಸಬಲ್ಲವು. ನನ್ನ ವಿಷಯದಲ್ಲಿ ಕೆಡಿಸಿದವು ಎಂದೇ ನನ್ನ ಎಣಿಕೆ. ಅಜ್ಜಿ ಹೇಳಿದ ಇಳಿಜಾರು ತಿರುಗಾಮುರುಗಾ ಇದ್ದಿರಬಹುದು, ಬೆನ್ನಿನ ಬಿಗಿತವೇ ಬಾಯಿಗೆ ಏರಿದ್ದಿರಬಹುದು. ಪಾರ್ಫಿರೋಮೊನಾಸ್ ಜಿಂಜಿವಾಲಿಸ್ ಎಂಬ ಒಸಡಿನ ಬ್ಯಾಕ್ಟೀರಿಯಾ ದೇಹದ ಪ್ರೋಟೀನುಗಳ ರೂಪ ಬದಲಿಸಬಲ್ಲದು, ಹಾಗೆ ಬದಲಾದವುಗಳ ಮೇಲೆ ದೇಹ ಪ್ರತಿಕಾಯಗಳನ್ನು ಹುಟ್ಟಿಸಿ, ಅದರಿಂದ ರುಮಟಾಯ್ಡ್ ಸಂಧಿವಾತಕ್ಕೆ ದಾರಿಯಾಗುತ್ತದೆ ಎಂಬ ವಾದವಿದೆ. ವಿಡಿಯೊಗಳು ಅದನ್ನೇ ಎತ್ತಿ ನಮ್ಮ ಬೆನ್ನಿನ ಮೇಲೂ ಹೇರುತ್ತವೆ. ನಮ್ಮದು ಬೇರೆ ಕಾಯಿಲೆ. ರುಮಟಾಯ್ಡ್‌ನಲ್ಲಿ ಸಿಗುವ ಆ ಪ್ರತಿಕಾಯಗಳು ನಮ್ಮ ರಕ್ತದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಒಸಡಿಗೆ ಚಿಕಿತ್ಸೆ ಕೊಟ್ಟರೆ ಸಿಆರ್‌ಪಿ ಸ್ವಲ್ಪ ಇಳಿಯುತ್ತದೆ ಎಂಬಷ್ಟು ನಿಜ. ಅದರಿಂದ ಬೆಸೆದ ಬೆನ್ನು ಬಿಡಿಸಿಕೊಂಡಿತು ಎಂದು ಯಾರೂ ತೋರಿಸಿಕೊಟ್ಟಿಲ್ಲ.

ಹಲ್ಲು ಕೀಳಿಸುವ ಮಾತಿಗೆ ಒಂದು ಹಳೆಯ, ನೋವಿನ ಚರಿತ್ರೆ ಇದೆ. 1910ರಲ್ಲಿ ವಿಲಿಯಂ ಹಂಟರ್ ಎಂಬ ಇಂಗ್ಲೆಂಡಿನ ವೈದ್ಯರು ಕೆನಡಾದ ಮಾಂಟ್ರಿಯಲ್‌ನಲ್ಲಿ ಮಾಡಿದ ಭಾಷಣದಲ್ಲಿ ಬಾಯಿಯ ನಂಜೇ ಹಲವು ದೀರ್ಘ ಕಾಯಿಲೆಗಳ ಮೂಲ ಎಂದರು. ಆಮೇಲೆ ಸುಮಾರು ಮೂವತ್ತು ವರ್ಷ ಅಮೆರಿಕ, ಇಂಗ್ಲೆಂಡುಗಳಲ್ಲಿ ಕೀಲುನೋವಿನವರ ಹಲ್ಲು ಕಿತ್ತರು, ಗಂಟಲಿನ ಟಾನ್ಸಿಲ್ ತೆಗೆದರು. ಚೆನ್ನಾಗಿದ್ದ ಹಲ್ಲುಗಳನ್ನೂ ಬಿಡಲಿಲ್ಲ. ಆ ಪಂಥವನ್ನು ಮೊದಲು ಬೆಂಬಲಿಸಿದ್ದ ಅಮೆರಿಕದ ವೈದ್ಯ ರಸೆಲ್ ಸೆಸಿಲ್ ಅವರೇ 1938ರಲ್ಲಿ 200 ರುಮಟಾಯ್ಡ್ ರೋಗಿಗಳ ಲೆಕ್ಕ ಹಿಡಿದು ಇದರಿಂದ ಪ್ರಯೋಜನ ಕಾಣುತ್ತಿಲ್ಲ ಎಂದು ಬರೆದರು. ಅಷ್ಟು ಹೊತ್ತಿಗೆ ಸಾವಿರಾರು ಜನ ಅದೇ ಕೀಲುನೋವು ಇಟ್ಟುಕೊಂಡು ಬೋಳುಬಾಯಿಯಲ್ಲಿ ಗಂಜಿ ಕುಡಿಯುತ್ತಿದ್ದರು. ಹಲ್ಲಿನ ಮಾತೆತ್ತಿದರೆ ಸಂಧಿವಾತದ ವೈದ್ಯರು ಇವತ್ತಿಗೂ ಹಿಂಜರಿಯುವುದಕ್ಕೆ ಆ ನೆನಪೂ ಒಂದು ಕಾರಣ ಇರಬೇಕು. ಹಿಂಜರಿಕೆ ನನಗೆ ಅರ್ಥವಾಗುತ್ತದೆ. ಆದರೆ ಕೀಳಬೇಡಿ ಎನ್ನುವುದಕ್ಕೂ ಬಾಯಿ ತೆರೆಸಿ ನೋಡದೇ ಇರುವುದಕ್ಕೂ ನಡುವೆ ಬೇಕಾದಷ್ಟು ಜಾಗವಿದೆ. ನನ್ನ ಬೆನ್ನು ನೋಡಿದವರು ಆರು ಮಂದಿ, ಯಾರೂ ಒಸಡಿನಲ್ಲಿ ರಕ್ತ ಬರುತ್ತದಾ ಎಂದು ಕೇಳಲಿಲ್ಲ. ಹಲ್ಲು ನೋಡಿದವರು ಮೂವರು, ಬೆಳಿಗ್ಗೆ ಬೇಸಿನ್ನಿಗೆ ಬಗ್ಗಲಾಗುತ್ತದಾ ಎಂದು ಕೇಳಲಿಲ್ಲ. ಟವೆಲ್ ಇಟ್ಟ ಆ ಹುಡುಗಿಯೊಬ್ಬಳು ಹೋಗುವಾಗ ಹೇಳಿದಳು, "ಮೇಡಂ, ಹಿಡಿ ದಪ್ಪ ಇರೋ ಬ್ರಶ್ ತಗೊಳ್ಳಿ, ಕೂತ್ಕೊಂಡು ಉಜ್ಜಿ, ಬೆಳಿಗ್ಗೆ ಆಗ್ಲಿಲ್ಲ ಅಂದ್ರೆ ರಾತ್ರಿ ಎರಡು ನಿಮಿಷ ಜಾಸ್ತಿ ಕೊಡಿ." ಆರು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು.

ಶನಿವಾರ

ಅಣ್ಣನ ಮಗ ಬಂದ. ಮಂಡ್ಯದ ಕಡೆಯಿಂದ ಬರುವ ಬೆಳಗಿನ ರೈಲಿನಲ್ಲಿ ಸೀಟಿದ್ದರೂ ನಿಂತೇ ಬಂದನಂತೆ, ಕೂತರೆ ಹಿಡಿಯುತ್ತದೆ ಎಂದು. ಅದೇ ದಂತ ಕಾಲೇಜಿಗೆ ಕರೆದುಕೊಂಡು ಹೋದೆ. ನನ್ನ ಹುಡುಗಿ ಓದು ಮುಗಿಸಿ ಹೋಗಿ ಬಹಳ ದಿನವಾಗಿತ್ತು, ಬೇರೊಬ್ಬ ಹುಡುಗ ಅಳೆದ. ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ. ಎರಡು, ಮೂರು, ಎರಡು. ಮೂರು, ಎರಡು, ಮೂರು. ಹಿಂದೆ ಎರಡು ಕಡೆ ನಾಲ್ಕು, ಅಷ್ಟೇ. ಕೀಳುವ ಹಲ್ಲು ಒಂದೂ ಇಲ್ಲ, ಒಂದು ಸಲ ಕ್ಲೀನ್ ಮಾಡಿದರೆ ಸಾಕು ಎಂದರು. ಅವನ ಮುಖ ಇಳಿದುಹೋಯಿತು. ಹೊರಗೆ ಬೆಂಚಿನ ಮೇಲೆ ಕೂತು, "ಹಂಗಾರೆ ನನ್ನ ಬೆನ್ನಿಗೆ ಎಲ್ಲಿಂದ ಬಂತು ಅತ್ತೆ?" ಎಂದ. ಕೀಳಿಸಿದರೆ ಹೋಗುವ ಕಾಯಿಲೆ ಅದಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂಬ ಆಸೆ ಆ ದನಿಯಲ್ಲಿತ್ತು. ನನ್ನ ಹತ್ತಿರ ಉತ್ತರವಿರಲಿಲ್ಲ. ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ಸುಮಾರು ಹೊತ್ತು ಕೂತಿದ್ದೆ.

ಮಧ್ಯಾಹ್ನ ಅವನ ಸಂಧಿವಾತದ ಡಾಕ್ಟರ ಹತ್ತಿರ ಹೋದೆವು. ಮಾತ್ರೆ ಬಿಟ್ಟಿದ್ದಕ್ಕೆ ಬೈಯಲಿಲ್ಲ, ಯಾಕೆ ಬಿಟ್ಟೆ ಎಂದು ಕೇಳಿ ಪೂರ್ತಿ ಕೇಳಿಸಿಕೊಂಡರು. ಗೋಡೆಗೆ ಒರಗಿ ನಿಲ್ಲಿಸಿ ತಲೆಯ ಹಿಂಭಾಗ ಗೋಡೆಗೆ ತಾಗುತ್ತದಾ ನೋಡಿದರು. ತಾಗಿತು. ಅಪ್ಪನಿಗೆ ಎಷ್ಟು ವರ್ಷದ ಹಿಂದೆ ತಾಗುವುದು ನಿಂತಿತೋ ಎಂದುಕೊಂಡೆ. ಹೊರಡುವಾಗ ದಂತ ಕಾಲೇಜಿನ ಅಂಕಿಗಳ ಹಾಳೆಯನ್ನು ಅವನ ಫೈಲಿನೊಳಗೆ ಎಂಆರ್‌ಐ ರಿಪೋರ್ಟಿನ ಮೇಲಿಟ್ಟು ಪಿನ್ ಹಾಕಿ ಕೊಟ್ಟೆ. ಡಾಕ್ಟರು ಫೈಲು ಮುಚ್ಚಲು ಹೋದವರು ನಿಲ್ಲಿಸಿ ಹಾಳೆಯನ್ನು ತಿರುಗಿಸಿ ನೋಡಿದರು. "ಇದೇನಮ್ಮ?" ಎಂದರು. ನಾನು ಕುರ್ಚಿ ಎಳೆದುಕೊಂಡು ಮತ್ತೆ ಕೂತೆ.